ರಕ್ತ ಕೊಟ್ಟವರ ಚರಿತ್ರೆ

ನಾವು ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಾಗ ತಿಂಗಳಿಗೆ ಒಂದೆರಡು ಸಲವಾದರೂ ಗೇಟಿನ ಹತ್ತಿರ ಯಾರಾದರೊಬ್ಬರು ಬಂದು ನಿಲ್ಲುತ್ತಿದ್ದರು. ಹೆಗಲ ಮೇಲೊಂದು ಟವೆಲ್ಲು, ಕೈಯಲ್ಲೊಂದು ಚೀಟಿ. "ನಮ್ಮುಡುಗಿ ಹೆರಿಗೆಗೆ ಬಂದವಳೆ ಕಣಪ್ಪ. ಎರಡು ಬಾಟ್ಲು ರಕ್ತ ತಂದುಕೊಡಿ ಅಂತವರೆ. ನಾನು ಎಲ್ಲಿಂದ ತರಾನ?" ಎಂದು ಕೇಳುತ್ತಿದ್ದರು. ಯಾರದು ಬಿ ಪಾಸಿಟಿವ್, ಯಾರದು ಓ ಪಾಸಿಟಿವ್ ಎಂಬುದು ನಮಗೆ ಬಾಯಿಪಾಠವಾಗಿತ್ತು. ಪುಸ್ತಕ ಮಡಚಿ ಎದ್ದು ಹೋಗುತ್ತಿದ್ದೆವು.

ಒಂದು ಸಲ ಒಬ್ಬ ಮುದುಕ ಬಂದಿದ್ದ. ನಾವು ನಾಲ್ವರು ಹೋದೆವು. ಒಬ್ಬನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. 43 ಕೆಜಿ. ನರ್ಸಮ್ಮ ಅವನ ಮುಖ ನೋಡಿ "ನಿಂಗೇ ಯಾರಾದ್ರೂ ರಕ್ತ ಕೊಡಬೇಕಲ್ಲೋ ಮಗ" ಅಂದರು. ಅವನು ನಕ್ಕ. ಉಳಿದ ಮೂವರು ಕೊಟ್ಟೆವು. ಬಿಸ್ಕತ್ತು ತಿಂದು ನಡೆದುಕೊಂಡು ವಾಪಸ್ ಬರುವಾಗ ತೂಕ ಸಾಲದವನೇ ಕೇಳಿದ: "ಅಲ್ರೋ, ರಕ್ತ ತರೋ ಕೆಲಸ ಆಸ್ಪತ್ರೆದೋ, ಆ ಮುದುಕಂದೋ?"

ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ರಕ್ತದಾನವೆಂದರೆ ಒಳ್ಳೆಯ ಮನಸ್ಸಿನ ವಿಷಯ, ಮನಸ್ಸಿದ್ದವರು ಕೊಡ್ತಾರೆ, ಇಲ್ಲದವರು ಕೊಡಲ್ಲ ಅಂದುಕೊಂಡಿದ್ದೆವು. ಚರಿತ್ರೆ ಓದುತ್ತಾ ಹೋದಂತೆ ಬೇರೆಯೇ ಕಾಣಿಸಿತು. ಯಾರು ರಕ್ತ ಕೊಡುತ್ತಾರೆ, ಎಷ್ಟು ಜನ ಕೊಡುತ್ತಾರೆ, ಯಾಕೆ ಕೊಡುತ್ತಾರೆ ಎಂಬುದನ್ನೆಲ್ಲ ಸರ್ಕಾರದ ಒಂದೊಂದು ಆಜ್ಞೆ, ಕೋರ್ಟಿನ ಒಂದೊಂದು ತೀರ್ಪು ತಿರುವಿ ಹಾಕಿದೆ. ಮನಸ್ಸು ಇದ್ದರೆ ಸಾಲದು. ಆ ಮನಸ್ಸನ್ನು ವ್ಯವಸ್ಥೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದೇ ದೊಡ್ಡದು.

*

ಈ ನೆಲದಲ್ಲಿ ರಕ್ತದ ಮಾತು ಡಾಕ್ಟರುಗಳಿಗಿಂತ ಮುಂಚೆ ಕುಲಸ್ಥರ ಬಾಯಲ್ಲಿತ್ತು. 12ನೇ ಶತಮಾನದ ಕಲ್ಯಾಣದಲ್ಲಿ ಚಮ್ಮಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾದದ್ದಕ್ಕೆ ಅಪ್ಪಂದಿರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು ಎಂಬುದನ್ನು ನಮ್ಮ ಜನ ಇವತ್ತಿಗೂ ಹೇಳುತ್ತಾರೆ. ರಕ್ತ ಬೆರೆಯಬಾರದು ಎಂಬ ಭಯ ಅಷ್ಟು ಹಳೆಯದು.

1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತದಲ್ಲಿ ಗುಂಪುಗಳಿವೆ ಎಂದು ತೋರಿಸಿದರು. ಮರುವರ್ಷ ಅವರ ಜೊತೆಗಾರರು ನಾಲ್ಕನೆಯ ಗುಂಪನ್ನೂ ಕಂಡರು. ಎ, ಬಿ, ಎಬಿ, ಓ. ಈ ನಾಲ್ಕು ವರ್ಣಗಳಿಗೂ ಮನುವಿನ ನಾಲ್ಕು ವರ್ಣಗಳಿಗೂ ಸಂಬಂಧವಿಲ್ಲ. ಅಗ್ರಹಾರದ ಬಿ ಗುಂಪು ಹೊಲಗೇರಿಯ ಬಿ ಗುಂಪಿಗೆ ಸೇರುತ್ತದೆ. ಅದೇ ಅಗ್ರಹಾರದ ಪಕ್ಕದ ಮನೆಯ ಎ ಗುಂಪಿಗೆ ಸೇರುವುದಿಲ್ಲ, ಸೇರಿಸಿದರೆ ಪ್ರಾಣಕ್ಕೆ ಅಪಾಯ. ಈ ದೇಶದ ಜನಾಂಗಗಳ ರಕ್ತ ಬೆರೆತುಹೋದ ಎಷ್ಟೋ ಕಾಲದ ಮೇಲೆ ಜಾತಿ ಬಂತು, ಆದ್ದರಿಂದ ಜಾತಿ ರಕ್ತದ ಶುದ್ಧಿಯನ್ನು ಕಾಯುತ್ತದೆ ಎಂಬ ಮಾತಿಗೆ ಬುಡವಿಲ್ಲ ಎಂದು ಬಾಬಾಸಾಹೇಬರು 1936ರಲ್ಲೇ ವಾದಿಸಿದ್ದರು.

ಆದರೆ ವಿಜ್ಞಾನ ಹೇಳಿದ ಕೂಡಲೇ ಆಳುವವರು ಕೇಳುತ್ತಾರೆಯೇ? ಅಮೆರಿಕವನ್ನು ನೋಡಿ. ಎರಡನೇ ಮಹಾಯುದ್ಧದ ಹೊತ್ತಿಗೆ 1941ರಲ್ಲಿ ಅಲ್ಲಿನ ರೆಡ್‌ಕ್ರಾಸ್ ಸೈನಿಕರಿಗಾಗಿ ರಕ್ತ ಸಂಗ್ರಹಿಸಲು ಶುರುಮಾಡಿತು. ಕರಿಯರು ಸಾಲಿನಲ್ಲಿ ಬಂದು ನಿಂತರೆ ವಾಪಸ್ ಕಳಿಸಿತು. ಗಲಾಟೆಯಾಯಿತು. 1942ರ ಜನವರಿಯಲ್ಲಿ ನಿಯಮ ಬದಲಾಯಿತು: ಕರಿಯರ ರಕ್ತ ತೆಗೆದುಕೊಳ್ಳುತ್ತೇವೆ, ಆದರೆ ಬೇರೆ ಇಡುತ್ತೇವೆ, ಚೀಟಿ ಅಂಟಿಸುತ್ತೇವೆ! ಬೇರೆ ಲೋಟದ ಸಂಗತಿ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಬಾಟಲಿಯೇ ಬೇರೆಯಾಗಿತ್ತು, ಅಷ್ಟೆ.

ರಕ್ತವನ್ನು ಕೆಡದಂತೆ ಕಾಪಿಡುವ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಖ್ಯರಾದ ಡಾಕ್ಟರ್ ಚಾರ್ಲ್ಸ್ ಡ್ರೂ ಸ್ವತಃ ಕರಿಯರು. 1940ರಲ್ಲಿ ಇಂಗ್ಲೆಂಡಿಗೆ ಪ್ಲಾಸ್ಮಾ ಕಳಿಸುವ ಯೋಜನೆಯನ್ನು ನಡೆಸಿದವರು ಅವರು. ರೆಡ್‌ಕ್ರಾಸಿನ ಮೊದಲ ಸಂಗ್ರಹಣೆಗೂ ಅವರೇ ಮೇಲ್ವಿಚಾರಕರು. ತಾವು ಕಟ್ಟಿದ ವ್ಯವಸ್ಥೆ ತಮ್ಮ ರಕ್ತವನ್ನೇ ಬೇಡವೆನ್ನುವುದನ್ನು ಅವರು ನೋಡಬೇಕಾಯಿತು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಬಹಿರಂಗವಾಗಿ ಹೇಳಿದರು. 1950ರ ಏಪ್ರಿಲ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ವರ್ಷದ ಕೊನೆಯಲ್ಲಿ ರೆಡ್‌ಕ್ರಾಸ್ ಚೀಟಿ ಅಂಟಿಸುವುದನ್ನು ಬಿಟ್ಟಿತು. ಆಮೇಲೂ ದಕ್ಷಿಣದ ಲೂಸಿಯಾನ, ಅರ್ಕಾನ್ಸಾ ರಾಜ್ಯಗಳು 1950ರ ದಶಕದ ಕೊನೆಯಲ್ಲಿ ರಕ್ತಕ್ಕೆ ಬಣ್ಣದ ಗುರುತು ಹಾಕಬೇಕೆಂದು ಕಾನೂನನ್ನೇ ಮಾಡಿದವು.

ಕೊಡಲು ಬಂದವನನ್ನು ಒಂದು ಸಲ ಅವಮಾನ ಮಾಡಿ ಕಳಿಸಿದರೆ ಅವನು ಇನ್ನೊಂದು ಸಲ ಬರುವುದಿಲ್ಲ. ಅವನ ಮಕ್ಕಳೂ ಬರುವುದಿಲ್ಲ. ಆಮೇಲೆ "ಇವರಿಗೆ ದಾನಬುದ್ಧಿ ಇಲ್ಲ" ಎಂದು ಬರೆಯುವವರು ಆ ಅವಮಾನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

*

ಎರಡನೆಯ ಜಗಳ ದುಡ್ಡಿನದು. ಯುದ್ಧ ಮುಗಿದ ಮೇಲೆ ಬ್ರಿಟನ್ 1946ರಲ್ಲಿ ರಾಷ್ಟ್ರೀಯ ರಕ್ತಪೂರಣ ಸೇವೆಯನ್ನು ಕಟ್ಟಿತು. 1948ರಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆಯ ಆರೋಗ್ಯ ಸೇವೆ ಬಂತು. ರಕ್ತ ಕೊಡುವವನಿಗೆ ದುಡ್ಡಿಲ್ಲ, ತೆಗೆದುಕೊಳ್ಳುವವನಿಗೆ ಬಿಲ್ಲಿಲ್ಲ. ಅಮೆರಿಕದಲ್ಲಿ ರಕ್ತ ಮಾರುವ ಅಂಗಡಿಗಳು ಬಡವರ ಬೀದಿಗಳಲ್ಲಿ ಬಾಗಿಲು ತೆರೆದವು. ಕೆಲಸವಿಲ್ಲದವರು, ಕುಡುಕರು, ಜೈಲಿನ ಖೈದಿಗಳು ಮಾರುತ್ತಿದ್ದರು.

1970ರಲ್ಲಿ ರಿಚರ್ಡ್ ಟಿಟ್‌ಮಸ್ ಎಂಬ ಸಮಾಜ ಚಿಂತಕರು ಈ ಎರಡನ್ನೂ ಹೋಲಿಸಿ ಪುಸ್ತಕ ಬರೆದರು. ಮಾರಿದ ರಕ್ತದಿಂದ ಕಾಮಾಲೆ ಹೆಚ್ಚು ಹರಡುತ್ತದೆ, ದುಡ್ಡಿಗೆ ಕೊಡುವವನು ತನ್ನ ಕಾಯಿಲೆ ಮುಚ್ಚಿಡಬೇಕಾಗುತ್ತದೆ, ಮಾರಾಟ ಬಂದ ಕಡೆ ಸುಮ್ಮನೆ ಕೊಡುವವನೂ ಹಿಂದೆ ಸರಿಯುತ್ತಾನೆ ಎಂದು ವಾದಿಸಿದರು. ಅರ್ಥಶಾಸ್ತ್ರಜ್ಞರು ಅವರ ಮೇಲೆ ಬಿದ್ದರು. ಆದರೆ 1978ರಲ್ಲಿ ಅಮೆರಿಕದ ಸರ್ಕಾರವೇ ಒಂದು ಸಣ್ಣ ನಿಯಮ ತಂದಿತು: ಪ್ರತಿ ಚೀಲದ ಮೇಲೂ ಇದು ದುಡ್ಡು ಕೊಟ್ಟು ತಂದದ್ದೋ, ಸ್ವಇಚ್ಛೆಯಿಂದ ಬಂದದ್ದೋ ಎಂದು ಬರೆಯಬೇಕು. ಮಾರಾಟವನ್ನು ನಿಷೇಧಿಸಲಿಲ್ಲ. ಬರೆಯಲು ಹೇಳಿತು, ಅಷ್ಟೆ. ಆಸ್ಪತ್ರೆಗಳು ಮಾರಿದ ರಕ್ತವನ್ನು ಕೊಳ್ಳುವುದನ್ನು ಬಿಟ್ಟವು, ಆ ವ್ಯಾಪಾರ ಬಹುಮಟ್ಟಿಗೆ ಕರಗಿಹೋಯಿತು. ಪ್ಲಾಸ್ಮಾ ಮಾತ್ರ ಅಲ್ಲಿ ಈಗಲೂ ದುಡ್ಡಿಗೇ ಸಿಗುತ್ತದೆ, ಅದನ್ನು ಮಾರುವವರಲ್ಲಿ ಬಡವರೇ ಹೆಚ್ಚು.

ಚೀನಾದ ಕಥೆ ಇನ್ನೂ ಘೋರ. 1990ರ ದಶಕದ ಮೊದಲಲ್ಲಿ ಹೆನಾನ್ ಪ್ರಾಂತದ ರೈತರಿಗೆ ಪ್ಲಾಸ್ಮಾ ಮಾರಿ ಬಡತನ ಕಳೆದುಕೊಳ್ಳಿ ಎಂದು ಅಧಿಕಾರಿಗಳೇ ಉತ್ತೇಜನ ಕೊಟ್ಟರು. ಹಲವರ ರಕ್ತವನ್ನು ಒಟ್ಟಿಗೆ ಕಲಸಿ, ಪ್ಲಾಸ್ಮಾ ತೆಗೆದು, ಮಿಕ್ಕದ್ದನ್ನು ಮತ್ತೆ ಅದೇ ರೈತರ ಮೈಗೆ ಏರಿಸಿದರು. ಊರೂರುಗಳಿಗೇ ಎಚ್‌ಐವಿ ಹಬ್ಬಿತು. ಇದನ್ನು ಬಯಲಿಗೆಳೆದ ವೃದ್ಧ ವೈದ್ಯೆ ಗಾವೊ ಯಾವೊಜಿಯೆ ಕೊನೆಗೆ ದೇಶ ಬಿಡಬೇಕಾಯಿತು, 2023ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಚೀನಾ ಸ್ವಯಂಪ್ರೇರಿತ ರಕ್ತದಾನದ ಕಾನೂನನ್ನು ಜಾರಿಗೆ ತಂದದ್ದು 1998ರಲ್ಲಿ. ನಮ್ಮ ದೇಶದ ಚರಿತ್ರೆಯಲ್ಲೂ ಅದೇ ವರ್ಷ ಬರುತ್ತದೆ.

*

ಭಾರತದ ಮೊದಲ ರಕ್ತನಿಧಿ 1942ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯಿತು, ಅದೂ ಯುದ್ಧದ ಗಾಯಾಳುಗಳಿಗಾಗಿ. ಸ್ವಾತಂತ್ರ್ಯ ಬಂತು, ದೊಡ್ಡ ಆಸ್ಪತ್ರೆಗಳು ಬಂದವು, ರಕ್ತ ಬೇಕಾಯಿತು. ಕೊಟ್ಟವರು ಯಾರು? ರಿಕ್ಷಾ ತುಳಿಯುವವರು, ಕೂಲಿಯವರು, ಬರಗಾಲಕ್ಕೆ ಊರು ಬಿಟ್ಟು ಪಟ್ಟಣ ಸೇರಿದವರು. ಆಸ್ಪತ್ರೆ ಗೇಟಿನ ಟೀ ಅಂಗಡಿಯಲ್ಲಿ ದಲ್ಲಾಳಿ ಕೂತಿರುತ್ತಿದ್ದ. ಅವನ ಕಮಿಷನ್ ಹೋಗಿ ಮಿಕ್ಕದ್ದು ಇವರ ಕೈಗೆ. ವಾರ ಬಿಟ್ಟು ವಾರ ಕೊಟ್ಟವರೂ ಇದ್ದರು. ಮುಟ್ಟಿಸಿಕೊಳ್ಳದವರು, ಬಾವಿಗೆ ಬಿಡದವರು ಆ ಬಾಟಲಿಯನ್ನು ಮಾತ್ರ ತೋಳು ಚಾಚಿ ಏರಿಸಿಕೊಂಡರು. ಅಲ್ಲಿ ಜಾತಿ ಕೇಳಿದರೆ ಜೀವ ಹೋಗುತ್ತಿತ್ತು.

ಒಳ್ಳೆಯ ಪ್ರಯತ್ನಗಳೂ ಇದ್ದವು, ಅದನ್ನು ಮರೆಯುವುದು ತಪ್ಪು. 1971ರಲ್ಲಿ ಸ್ಥಾಪನೆಯಾದ ರಕ್ತಪೂರಣ ತಜ್ಞರ ಸಂಘ ಸ್ವಯಂಪ್ರೇರಿತ ದಾನಕ್ಕಾಗಿ ದುಡಿಯಿತು. 1975ರಿಂದ ಅಕ್ಟೋಬರ್ 1ನ್ನು ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವೆಂದು ಆಚರಿಸುತ್ತಾ ಬಂದಿದ್ದಾರೆ. 1969ರಲ್ಲಿ ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆ ಕಾಲೇಜು ಹುಡುಗರನ್ನು ಶಿಬಿರಗಳಿಗೆ ಕರೆತಂದಿತು. ಆದರೆ ದುಡ್ಡಿಗೆ ಸುಲಭವಾಗಿ ಸಿಗುವಾಗ ಊರೂರಿಗೆ ಹೋಗಿ ಜನರನ್ನು ಒಪ್ಪಿಸುವ ಕಷ್ಟ ಯಾವ ಸರ್ಕಾರಕ್ಕೆ ಬೇಕಿತ್ತು?

1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಅವರ ತಂಡ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಗುರುತಿಸಿತು. 1989ರಲ್ಲಿ ರಕ್ತಕ್ಕೆ ಎಚ್‌ಐವಿ ಪರೀಕ್ಷೆ ಕಡ್ಡಾಯವಾಯಿತು. ಪರೀಕ್ಷೆ ಬೇಕಾಗಿತ್ತು, ಸರಿ. ಆದರೆ ಅದೇ ವರ್ಷ ಗೋವಾದಲ್ಲಿ ಏನಾಯಿತು ನೋಡಿ. ಡೊಮಿನಿಕ್ ಡಿಸೋಜ ಎಂಬ ತರುಣ ಆಗಾಗ ಬಂದು ರಕ್ತ ಕೊಡುತ್ತಿದ್ದವನು. ದುಡ್ಡಿಗಲ್ಲ, ಪ್ರೀತಿಗೆ. ಅವನ ರಕ್ತದಲ್ಲಿ ಎಚ್‌ಐವಿ ಕಂಡಿತು. 1989ರ ಫೆಬ್ರವರಿಯಲ್ಲಿ ಪೊಲೀಸರು ಅವನನ್ನು ಹಿಡಿದುಕೊಂಡು ಹೋಗಿ ಪಾಳುಬಿದ್ದಿದ್ದ ಕ್ಷಯ ಆಸ್ಪತ್ರೆಯೊಂದರಲ್ಲಿ ಒಬ್ಬನನ್ನೇ ಕೂಡಿಹಾಕಿದರು. 64 ದಿನ. ಗೋವಾದ ಸಾರ್ವಜನಿಕ ಆರೋಗ್ಯ ಕಾನೂನು ಅದಕ್ಕೆ ಅವಕಾಶ ಕೊಟ್ಟಿತ್ತು. ಅವನ ತಾಯಿ ಲೂಸಿ ಹೈಕೋರ್ಟಿಗೆ ಹೋದರು. ಅವನು ಬಿಡುಗಡೆಯಾಗಿ ಬಂದ, ಆದರೆ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. 1992ರಲ್ಲಿ ಡೊಮಿನಿಕ್ ತೀರಿಕೊಂಡ. ಅಷ್ಟರಲ್ಲಿ ತನ್ನಂಥವರಿಗಾಗಿ ಒಂದು ಸಂಘಟನೆ ಕಟ್ಟಿದ್ದ.

ರಕ್ತ ಕೊಡಲು ಹೋದವನು ಪೊಲೀಸ್ ವ್ಯಾನಿನಲ್ಲಿ ಹೋದದ್ದನ್ನು ಕಂಡವರು ಮತ್ತೆ ತೋಳು ಚಾಚುವ ಮೊದಲು ಯೋಚಿಸುವುದಿಲ್ಲವೇ? ರಕ್ತ ಕೊಟ್ಟರೆ ಏಡ್ಸ್ ಬರ್ತದೆ ಎಂಬ ತಪ್ಪು ನಂಬಿಕೆಯನ್ನು ಹಳ್ಳಿಯ ಅಜ್ಞಾನ ಎಂದು ಬೈಯುವವರಿದ್ದಾರೆ. ಕೊಟ್ಟವನಿಗೆ ಆಪತ್ತು ಬರುತ್ತದೆ ಎಂದು ನಡೆದು ತೋರಿಸಿದ್ದು ಸರ್ಕಾರವೇ.

*

1992ರಲ್ಲಿ ಕಾಮನ್ ಕಾಸ್ ಎಂಬ ಸಂಸ್ಥೆ ರಕ್ತನಿಧಿಗಳ ಅವ್ಯವಸ್ಥೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಜನವರಿ 4ರಂದು ತೀರ್ಪು ಬಂತು. ಲೈಸೆನ್ಸಿಲ್ಲದ ರಕ್ತನಿಧಿಗಳು ಒಂದು ವರ್ಷದೊಳಗೆ ಲೈಸೆನ್ಸು ಪಡೆಯಬೇಕು, ಇಲ್ಲವೇ ಮುಚ್ಚಬೇಕು. ಎರಡು ವರ್ಷದೊಳಗೆ ರಕ್ತ ಮಾರಾಟ ನಿಲ್ಲಬೇಕು. ರಾಷ್ಟ್ರೀಯ ರಕ್ತಪೂರಣ ಪರಿಷತ್ತು, ರಾಜ್ಯಗಳಲ್ಲಿ ಪರಿಷತ್ತುಗಳು ರಚನೆಯಾಗಬೇಕು. ಹೀಗೆ 1998ರ ಜನವರಿ 1ರಿಂದ ಈ ದೇಶದಲ್ಲಿ ರಕ್ತ ಮಾರುವುದು ನಿಷೇಧವಾಯಿತು.

ಇದು ಒಳ್ಳೆಯ ತೀರ್ಪು. ನಾವು ಅದರ ಪರ. ಬಡವನ ಮೈಯನ್ನು ಸಂತೆಗೆ ಇಡುವುದನ್ನು ಯಾವ ಬಂಡಾಯದವನೂ ಸಮರ್ಥಿಸಲಾರ. ಆದರೆ ಮಾರುವವನನ್ನು ತೆಗೆದ ಜಾಗದಲ್ಲಿ ಯಾರನ್ನು ನಿಲ್ಲಿಸಿದರು? ಸ್ವಯಂಪ್ರೇರಿತ ದಾನಿಗಳನ್ನು ಸಿದ್ಧಮಾಡುವ ಕೆಲಸ ನಿಧಾನದ್ದು. ಎರಡು ವರ್ಷದ ಗಡುವು ಮುಗಿಯಿತು. ಆಸ್ಪತ್ರೆಗಳು ಸುಲಭದ ದಾರಿ ಹಿಡಿದವು: "ನಿಮ್ಮವರು ಯಾರಾದ್ರೂ ಕೊಡಲಿ, ಆಮೇಲೆ ನಾವು ಕೊಡ್ತೀವಿ." ಇದರ ಹೆಸರು ಬದಲಿ ರಕ್ತದಾನ. ಹೆಸರಿನಲ್ಲಿ ದಾನವಿದೆ, ಒಳಗೆ ಬಲವಂತವಿದೆ.

ದೊಡ್ಡ ನೆಂಟಸ್ತಿಕೆ ಇದ್ದವನಿಗೆ, ಕಾರಿನಲ್ಲಿ ನಾಲ್ಕು ಜನರನ್ನು ಕರೆತರುವವನಿಗೆ ಇದು ಭಾರವಲ್ಲ. ಕೇರಿಯಿಂದ ಬಸ್ಸಿನಲ್ಲಿ ಹೆಂಡತಿಯನ್ನು ಕರೆತಂದ ಕೂಲಿಯವನಿಗೆ? ಅವನ ಅಣ್ಣ ತಮ್ಮಂದಿರು ಬೆಂಗಳೂರಿನ ಕಟ್ಟಡ ಕೆಲಸದಲ್ಲಿ. ಬರಬೇಕೆಂದರೆ ಎರಡು ದಿನದ ಕೂಲಿ ಹೋಗುತ್ತದೆ. ಬಂದರೂ ತೂಕ ಸಾಲದು. ಆಗ ಟೀ ಅಂಗಡಿಯ ದಲ್ಲಾಳಿ ಮತ್ತೆ ಎದ್ದು ಬಂದ. ರಕ್ತ ಮಾರುತ್ತಿದ್ದವರು ಕಾಗದದ ಮೇಲೆ ಚಿಕ್ಕಪ್ಪನ ಮಗ, ಸೋದರಮಾವ ಆದರು. 2008ರಲ್ಲಿ ಉತ್ತರಪ್ರದೇಶದ ಗೋರಖಪುರದಲ್ಲಿ ಪೊಲೀಸರು 17 ಜನರನ್ನು ಬಿಡಿಸಿದರು. ಕೆಲಸ ಕೊಡುತ್ತೇವೆಂದು ಕರೆತಂದು, ಕೊಟ್ಟಿಗೆಯಂಥ ಕೋಣೆಗಳಲ್ಲಿ ಕೂಡಿಹಾಕಿ, ವಾರದಲ್ಲಿ ಹಲವು ಸಲ ಅವರ ರಕ್ತ ಬಸಿಯುತ್ತಿದ್ದರು. ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ಮಾರಾಟ ನಿಷೇಧವಾಗಿ ಹತ್ತು ವರ್ಷವಾಗಿತ್ತು.

ಇದರರ್ಥ ನಿಷೇಧ ತಪ್ಪು ಎಂದಲ್ಲ. ಜೀತ ನಿಷೇಧಿಸಿ ಭೂಮಿ ಕೊಡದಿದ್ದರೆ ಏನಾಗುತ್ತದೋ ಇಲ್ಲೂ ಅದೇ ಆಯಿತು.

2002ರ ರಾಷ್ಟ್ರೀಯ ರಕ್ತ ನೀತಿ ಬದಲಿ ದಾನವನ್ನೂ ನಿಲ್ಲಿಸಬೇಕೆಂದಿತು. ಆಮೇಲಿನ ವರ್ಷಗಳಲ್ಲಿ ಏಡ್ಸ್ ನಿಯಂತ್ರಣದ ಹಣ ಹರಿಯಿತು. ಶಿಬಿರಗಳಿಗೆ ಬಸ್ಸು ಬಂದವು, ಕಾಲೇಜುಗಳಲ್ಲಿ ರೆಡ್ ರಿಬ್ಬನ್ ಕ್ಲಬ್ಬುಗಳು ಬಂದವು. ಸರ್ಕಾರದ ಲೆಕ್ಕದ ಪ್ರಕಾರ 2006–07ರಲ್ಲಿ ವರ್ಷಕ್ಕೆ ಸುಮಾರು 44 ಲಕ್ಷ ಯೂನಿಟ್ ಇದ್ದ ಸಂಗ್ರಹ 2012–13ರ ಹೊತ್ತಿಗೆ ಸುಮಾರು 93 ಲಕ್ಷಕ್ಕೆ ಏರಿತು. ಅದರಲ್ಲಿ ಸ್ವಯಂಪ್ರೇರಿತರ ಪಾಲು ನೂರಕ್ಕೆ 54ರಿಂದ 83ಕ್ಕೆ ಬಂದಿತು. ಆರು ವರ್ಷದಲ್ಲಿ ಜನರ ಮನಸ್ಸು ಬದಲಾಯಿತೇ? ಮನಸ್ಸು ಮೊದಲೇ ಇತ್ತು. ಬಸ್ಸು ಇರಲಿಲ್ಲ. ಆದರೆ ಆ 83ರ ಒಳಗೆ ಎಷ್ಟು ಮಂದಿ ನಮ್ಮ ಹಾಸ್ಟೆಲ್ಲಿನವರ ಹಾಗೆ ಯಾರದೋ ಚೀಟಿಗೆ ಹೋಗಿ, ಸ್ವಯಂಪ್ರೇರಿತ ಎಂಬ ಕಾಲಂನಲ್ಲಿ ಸಹಿ ಹಾಕಿ ಬಂದವರು ಎಂಬುದನ್ನೂ ಕೇಳಬೇಕು.

*

ಒಂದು ನೀತಿ ಪಟ್ಟಣಕ್ಕೆ ಅನ್ನವಾದರೆ ಹಳ್ಳಿಗೆ ಉಪವಾಸವಾಗಬಹುದು. ತೀರ್ಪಿನ ಮೇಲೆ ಬಿಗಿಯಾದ ಲೈಸೆನ್ಸಿನ ನಿಯಮಗಳಲ್ಲಿ ನೂರು ಚದರ ಮೀಟರ್ ಜಾಗ, ಹವಾನಿಯಂತ್ರಿತ ಕೋಣೆ, ತರಬೇತಾದ ಸಿಬ್ಬಂದಿ ಎಲ್ಲ ಬೇಕು. ಅಲ್ಲಿಯವರೆಗೆ ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಡಾಕ್ಟರು ತುರ್ತಿಗೆ ಊರಿನವರನ್ನೇ ಕರೆದು, ಪರೀಕ್ಷೆ ಮಾಡಿ, ರಕ್ತ ತೆಗೆದು ಅಲ್ಲೇ ಏರಿಸುತ್ತಿದ್ದರು. ಅದು ಕಾನೂನುಬಾಹಿರವಾಯಿತು. ಹಳ್ಳಿಗಾಡಿನ ಶಸ್ತ್ರವೈದ್ಯರು ಎಷ್ಟೋ ವರ್ಷ ಇದರ ವಿರುದ್ಧ ದನಿ ಎತ್ತಿದರು. ಕೊಡುವವನು ಹಾಸಿಗೆ ಪಕ್ಕದಲ್ಲೇ ನಿಂತಿದ್ದರೂ ಬಾಣಂತಿಯನ್ನು ಜಿಲ್ಲಾ ಕೇಂದ್ರಕ್ಕೆ ಸಾಗಿಸಬೇಕು. 2001ರ ಕೊನೆಯಲ್ಲಿ ಸರ್ಕಾರ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ರಕ್ತ ಶೇಖರಣಾ ಕೇಂದ್ರಗಳಿಗೆ ಅವಕಾಶ ಕೊಟ್ಟಿತು. ಅವಕಾಶ ಕೊಡುವುದು ಬೇರೆ, ಫ್ರಿಜ್ಜು, ಕರೆಂಟು, ಟೆಕ್ನಿಷಿಯನ್ನು ಕೊಡುವುದು ಬೇರೆ.

ಇನ್ನು ಹತ್ತಿರದ ಸಂಗತಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಕಾಲೇಜು ಮುಚ್ಚಿದ ಕೂಡಲೇ ಶಿಬಿರಗಳು ನಿಂತವು, ರಕ್ತನಿಧಿಗಳು ಬರಿದಾದವು. ಮಕ್ಕಳ ಕಾಲೇಜನ್ನೇ ನೆಚ್ಚಿಕೊಂಡಿದ್ದ ವ್ಯವಸ್ಥೆಯ ಬಣ್ಣ ಆಗ ಬಯಲಾಯಿತು. 2021ರ ಮಾರ್ಚಿನಲ್ಲಿ ಪರಿಷತ್ತು ಲಸಿಕೆಯ ಕೊನೆಯ ಡೋಸಾದ ಮೇಲೆ 28 ದಿನ ರಕ್ತ ಕೊಡಬಾರದೆಂದಿತು. ಮೇ 1ರಿಂದ 18 ದಾಟಿದ ಎಲ್ಲರಿಗೂ ಲಸಿಕೆಯೆಂದಾಗ ತರುಣರೆಲ್ಲ ಒಟ್ಟಿಗೇ ತಿಂಗಳುಗಟ್ಟಲೆ ಹೊರಗುಳಿಯುವ ಅಪಾಯ ಎದುರಾಯಿತು. "ಲಸಿಕೆಗೆ ಮುಂಚೆ ಬಂದು ಕೊಟ್ಟು ಹೋಗ್ರಪ್ಪಾ" ಎಂದು ಸಂಘಟನೆಗಳು ಕೂಗಬೇಕಾಯಿತು. ಆ ಮೇ ತಿಂಗಳಲ್ಲಿ ಗಡುವನ್ನು 14 ದಿನಕ್ಕಿಳಿಸಿದರು. ಕಾಗದದ ಮೇಲಿನ ಒಂದು ಅಂಕಿ ಎಷ್ಟು ತೋಳುಗಳನ್ನು ತಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನೊಂದು ಗೆರೆ 2017ರದು. ಆ ವರ್ಷದ ಮಾರ್ಗಸೂಚಿ ಲಿಂಗಾಂತರಿಗಳು, ಗಂಡಸರೊಡನೆ ಸಂಬಂಧವಿರುವ ಗಂಡಸರು, ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳು ರಕ್ತ ಕೊಡುವುದನ್ನು ಶಾಶ್ವತವಾಗಿ ತಡೆಯಿತು. ಮಣಿಪುರದ ಸಾಂತಾ ಖುರೈ 2021ರಲ್ಲಿ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ರಕ್ತ ಏರಿಸಿಕೊಳ್ಳುವ ಮಗುವಿಗೆ ರೋಗ ತಗಲಬಾರದು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಬ್ರಿಟನ್ 2021ರಲ್ಲಿ, ಕೆನಡಾ 2022ರಲ್ಲಿ, ಅಮೆರಿಕ 2023ರಲ್ಲಿ ನೀನು ಯಾರು ಎಂಬುದನ್ನು ಬಿಟ್ಟು ನಿನ್ನ ನಡವಳಿಕೆಯಲ್ಲಿ ಅಪಾಯವಿದೆಯೇ ಎಂದು ಪ್ರತಿಯೊಬ್ಬರನ್ನೂ ಒಂದೇ ಸಮ ಕೇಳುವ ಪದ್ಧತಿಗೆ ಬಂದವು. ಹುಟ್ಟು ನೋಡಿ ಮೈಲಿಗೆ ಎನ್ನುವುದನ್ನು ಉಂಡವರು ನಾವು. ಗುಂಪಿಗೇ ಮುದ್ರೆ ಹೊಡೆಯುವುದನ್ನು ಕಂಡಾಗ ಸುಮ್ಮನಿರಲಾಗದು.

*

ದಾನ ಎಂಬ ಮಾತಿನ ಬಗ್ಗೆ ನಮಗೆ ಅನುಮಾನವಿದೆ. ಈ ದೇಶದ ದಾನಶಾಸನಗಳಲ್ಲಿ ಕೊಟ್ಟವರು ರಾಜರು, ತೆಗೆದುಕೊಂಡವರು ಬ್ರಾಹ್ಮಣರು, ದೇವಸ್ಥಾನಗಳು. ದಾನವಾಗಿ ಹೋದ ಭೂಮಿಯಲ್ಲಿ ದುಡಿದವರ ಹೆಸರು ಕಲ್ಲಿನ ಮೇಲಿಲ್ಲ. ರಕ್ತದ ಚರಿತ್ರೆಯಲ್ಲೂ ಕೊಟ್ಟವರ ಹೆಸರು ಬಾಟಲಿಯ ಮೇಲಿಲ್ಲ. ಇರಬಾರದು, ಅದು ಸರಿಯಾದ ನಿಯಮ. ಆದರೆ ಚರಿತ್ರೆಯಲ್ಲಾದರೂ ಇರಬೇಡವೇ?

ಕೊಡಬೇಕೆಂದರೆ ಮೊದಲು ಮೈಯಲ್ಲಿ ರಕ್ತವಿರಬೇಕು. ಕೊಡುವವರ ಹಿಮೋಗ್ಲೋಬಿನ್ 12.5 ಇರಬೇಕು, ತೂಕ ಕಡೇಪಕ್ಷ 45 ಕೆಜಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕೊಡುವವರ ರಕ್ಷಣೆಗೆ ಈ ನಿಯಮ ಬೇಕೇ ಬೇಕು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ನಮ್ಮ ಅವ್ವ, ಅಕ್ಕಂದಿರು ಶಿಬಿರದ ಮೇಜಿನವರೆಗೂ ಬಂದು ವಾಪಸ್ ಹೋಗುವುದು ಮನಸ್ಸಿಲ್ಲದೆ ಅಲ್ಲ. ಹೆರಿಗೆಯಲ್ಲಿ ರಕ್ತ ಬೇಕಾಗುವುದೂ ಅವರಿಗೇ. ಕೊಡಲಾಗದವರೂ ಅವರೇ, ಬೇಡುವವರೂ ಅವರೇ. ಈ ಎರಡಕ್ಕೂ ಕಾರಣ ಒಂದೇ: ಅರೆಹೊಟ್ಟೆ.

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ಶಿಬಿರ ಮಾಡಿ. ರಕ್ತ ಕೊಟ್ಟರೆ ಗಂಡಸ್ತನ ಹೋಗುತ್ತದೆ, ರೋಗ ಬರುತ್ತದೆ ಎಂಬ ಸುಳ್ಳನ್ನು ಒಡೆಯಿರಿ. ನಾವೂ ಕೊಡುತ್ತೇವೆ. ಅದರ ಜೊತೆಗೇ ತಾಲ್ಲೂಕು ಆಸ್ಪತ್ರೆಯಲ್ಲಿ ಶೇಖರಣಾ ಕೇಂದ್ರ ಇದೆಯೇ, ಅದರ ಫ್ರಿಜ್ಜು ನಡೆಯುತ್ತಿದೆಯೇ ಎಂದು ಹೋಗಿ ನೋಡಿ. ಇಲ್ಲವೆಂದರೆ ಅರ್ಜಿ ಹಾಕಿ, ಧರಣಿ ಕೂರಿ. ಬಡವನ ಕೈಗೆ ಚೀಟಿ ಕೊಟ್ಟು "ರಕ್ತ ತಗಂಬಾ" ಎಂದಾಗ, ಬದಲಿ ದಾನವನ್ನು ನಿಲ್ಲಿಸಬೇಕೆಂದು 2002ರಲ್ಲೇ ಸರ್ಕಾರದ ನೀತಿ ಬರೆದಿದೆ ಎಂದು ತಿರುಗಿ ಹೇಳಿ. ಅಂಗನವಾಡಿಯ ಮೊಟ್ಟೆಗಾಗಿ, ಸರಿಯಾದ ಕೂಲಿಗಾಗಿ ನಡೆಯುವ ಜಗಳವೂ ರಕ್ತದಾನದ ಕೆಲಸವೇ ಎಂದು ತಿಳಿಯಿರಿ.

ತೂಕ ಸಾಲದೆ ವಾಪಸಾದ ನಮ್ಮ ಗೆಳೆಯ ಈಗ ಒಂದು ಹಳ್ಳಿಯಲ್ಲಿ ಪ್ರೈಮರಿ ಮೇಷ್ಟ್ರು. ಸಂಬಳ ಬಂದ ಮೇಲೆ ಮೈಗೆ ಒಂದಿಷ್ಟು ಹತ್ತಿದೆ. ಹೋದ ವರ್ಷ ಮೊದಲ ಸಲ ರಕ್ತ ಕೊಟ್ಟ. ಕೊಟ್ಟು ಬಂದು ನಮಗೆ ಹೇಳಿದ: "ತೂಕ 56 ಬಂತು ಕಣ್ರೋ."

ಅವನ ಹಳೆಯ ಪ್ರಶ್ನೆಗೆ ನಾವು ಈಗ ಉತ್ತರ ಹೇಳಬಲ್ಲೆವು. ಕೊಡೋ ಕೆಲಸ ನಮ್ಮದು. ತರೋ ಕೆಲಸ ಆ ಮುದುಕಂದಲ್ಲ.